ಜೋರಾಗಿ ಓದು

ಆ ಬೆಳಗಿನ ಸಂಗತಿಯನ್ನು ನಾನು ಇಂದಿಗೂ ಮನೆಯಲ್ಲಿ ಹೇಳಿಲ್ಲ.

ಫುಟ್‌ಪಾತಿನ ಮೇಲೆ ಬಂದ ಸೈಕಲ್ಲೊಂದು ತಾಗಿ ನನ್ನ ಹೆಂಡತಿ ಬಿದ್ದು, ಎರಡು ತಿಂಗಳು ಹಾಸಿಗೆ ಹಿಡಿದಿದ್ದಳು. ನಾನು ನಿವೃತ್ತ ಹೆಡ್‌ಮಾಸ್ತರ. ಪುರಸಭೆಗೆ ಅರ್ಜಿಯ ಮೇಲೆ ಅರ್ಜಿ ಬರೆದು, ಕೊನೆಗೂ ನಮ್ಮ ಬೀದಿಗೆ ಬೋರ್ಡು ಹಾಕಿಸಿದೆ: 'ಪಾದಚಾರಿ ಮಾರ್ಗದಲ್ಲಿ ಸೈಕಲ್ ಸವಾರಿ ನಿಷೇಧಿಸಲಾಗಿದೆ.'

ಮೂರನೆಯ ದಿನವೇ ಒಬ್ಬ ಮುದುಕ ಆ ಬೋರ್ಡಿನ ಪಕ್ಕದಲ್ಲೇ ಫುಟ್‌ಪಾತಿನ ಮೇಲೆ ಸೈಕಲ್ ತುಳಿದುಕೊಂಡು ಬಂದ. ನಾನು ಹ್ಯಾಂಡಲ್ ಹಿಡಿದು ನಿಲ್ಲಿಸಿದೆ. ವಾಕಿಂಗಿಗೆ ಬಂದಿದ್ದ ಏಳೆಂಟು ಮಂದಿ ಸುತ್ತ ಸೇರಿದರು.

"ರಸ್ತೇಲಿ ಲಾರಿ ಜಾಸ್ತಿ ಮೇಷ್ಟ್ರೇ, ಭಯ ಆಯ್ತದೆ. ಅದಕ್ಕೇ ಮೇಲೆ ಬಂದೆ," ಎಂದ.

"ಬೋರ್ಡು ಕಾಣಲ್ವಾ?"

"ಕಾಣ್ತದೆ."

"ಹಾಗಾದ್ರೆ ಓದು. ಎಲ್ಲರಿಗೂ ಕೇಳೋ ಹಾಗೆ ಜೋರಾಗಿ ಓದು."

ಅವನು ಇಳಿದು, ಸೈಕಲ್ಲನ್ನು ಗೋಡೆಗೆ ಒರಗಿಸಿ, ಬೋರ್ಡಿನ ಮುಂದೆ ಕೈಕಟ್ಟಿ ನಿಂತ. ಅಕ್ಷರಗಳನ್ನು ಒಮ್ಮೆ ನೋಡಿ ತಲೆ ತಗ್ಗಿಸಿದ. ಹಿಂದಿನಿಂದ ಯಾರೋ ನಕ್ಕರು.

"ಓದೋವರೆಗೂ ಬಿಡಲ್ಲ," ಎಂದೆ. ಮೂವತ್ತು ವರ್ಷ ತರಗತಿಯಲ್ಲಿ ಆಡಿ ರೂಢಿಯಾಗಿದ್ದ ಮಾತು.

ಅವನು ತಲೆ ತಗ್ಗಿಸಿಕೊಂಡೇ ನನ್ನ ಹತ್ತಿರ ಬಂದ. ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದ:

"ಇದನ್ನ ಬರೆದೋನು ನಾನೇ ಮೇಷ್ಟ್ರೇ. ಪುರಸಭೆಯವರು ಕೊಟ್ಟ ಚೀಟಿ ನೋಡ್ಕಂಡು ಅಕ್ಷರ ಹಂಗಂಗೇ ಇಳಿಸ್ದೆ. ನಂಗೆ ಓದಕ್ಕೆ ಬರಲ್ಲ ಅಂತ ಅವರಿಗೆ ಗೊತ್ತಿಲ್ಲ, ದಯವಿಟ್ಟು ಹೇಳ್ಬೇಡಿ."