ಎಂಟು ತಿಂಗಳ ಸಂಬಳದ ರೈಫಲ್

ಜಾಹೀರಾತಿನ ಹಾಳೆಯನ್ನು ಸಿಡುಕಪ್ಪ ನಾಲ್ಕು ತುಂಡು ಮಾಡಿ ಮೇಜಿನ ಮೇಲೆ ಎಸೆದ. 'ಮನೆಗೊಂದು' ಎಂಬ ಪದ ಒಂದು ತುಂಡಿನಲ್ಲಿತ್ತು. 'ರೈಫಲ್' ಇನ್ನೊಂದಕ್ಕೆ ಹೋಗಿತ್ತು.

"ಯಾರು ಬರೆದಿದ್ದು ಇದನ್ನ?"

"ನಾನೇ ಸರ್," ಎಂದಳು ಮಾರಾಟದ ಮ್ಯಾನೇಜರ್. ದನಿ ಏರಲಿಲ್ಲ. "ಇನ್ನೂ ಐವತ್ತು ಪ್ರತಿ ಇವೆ. ಹರಿಯೋಕೆ ಬೇಕಿದ್ರೆ ತರಿಸ್ತೀನಿ."

ಮೇಜಿನ ತುದಿಯಲ್ಲಿದ್ದ ಮಾಲೀಕ ನಗು ಬಂದರೂ ನುಂಗಿಕೊಂಡ. ಸಿಡುಕಪ್ಪನ ಎದುರು ನಗುವ ಧೈರ್ಯ ಕಾರ್ಖಾನೆಯಲ್ಲಿ ಯಾರಿಗೂ ಇರಲಿಲ್ಲ. ಮುಖ್ಯ ವಿನ್ಯಾಸಕಾರನಿಗೆ ಆ ಅಡ್ಡಹೆಸರು ಬಿದ್ದಿದ್ದು ಸುಮ್ಮನೆ ಅಲ್ಲ.

ಮಾಲೀಕನ ಅಪ್ಪನ ಕಾಲದಲ್ಲಿ ಅಲ್ಲಿ ನೀರಿನ ಪಂಪು ತಯಾರಾಗುತ್ತಿತ್ತು. ಮಗನಿಗೆ ಪಂಪು ಸಪ್ಪೆ ಅನ್ನಿಸಿತು. ಅಂಗಡಿಗಳಲ್ಲಿದ್ದ ರೈಫಲ್‌ಗಳೆಲ್ಲ ಈಗ ಹೊರದೇಶದವು. ನಮ್ಮ ನೆಲದಲ್ಲೇ ಒಂದು ಹುಟ್ಟಬೇಕು ಎಂದು ಹಟ ಹಿಡಿದ. ಒಂದೂವರೆ ವರ್ಷದಲ್ಲಿ ನಳಿಗೆ, ಬೋಲ್ಟು, ಮರದ ಹಿಡಿ ಎಲ್ಲ ಎರಡು ಮಾದರಿಗಳಲ್ಲಿ ಸಿದ್ಧವಾದವು. ಉಳಿದಿದ್ದು ಎರಡೇ ಪ್ರಶ್ನೆ. ಯಾವ ತೋಟಾ ಹಾಕುವುದು? ಬೆಲೆ ಎಷ್ಟಿಡುವುದು?

ಎರಡೂ ತೋಟಾಗಳು ಮೇಜಿನ ಮೇಲೆ ನಿಂತಿದ್ದವು. ಒಂದು ಪೆನ್ಸಿಲ್ ತುಂಡಿನಷ್ಟು ಸಣ್ಣದು, ಯಾವ ಅಂಗಡಿಯಲ್ಲಿ ಕೇಳಿದರೂ ಸಿಗುವಂಥದ್ದು. ಇನ್ನೊಂದು ಬೆರಳಿಗಿಂತ ಉದ್ದ, ಹಿತ್ತಾಳೆಯ ಹೊಳಪಿನದು. ಹಡಗಿನಲ್ಲೇ ಬರಬೇಕು, ಇಡೀ ದೇಶದಲ್ಲಿ ಎರಡು ಅಂಗಡಿಯವರಷ್ಟೇ ತರಿಸುತ್ತಿದ್ದರು.

"ಸಣ್ಣದನ್ನ ಹಾಕಿದ್ರೆ ಒಬ್ಬ ಕಾರ್ಮಿಕನ ಒಂದು ತಿಂಗಳ ಸಂಬಳಕ್ಕೆ ರೈಫಲ್ ಕೊಡಬಹುದು," ಎಂದಳು ಮ್ಯಾನೇಜರ್. "ದೊಡ್ಡದಕ್ಕೆ ನಳಿಗೆ ದಪ್ಪ ಆಗ್ಬೇಕು, ಉಕ್ಕು ಬೇರೆ ಬೇಕು. ಎಂಟು ತಿಂಗಳ ಸಂಬಳ. ಯಾರು ಸರ್ ಕೊಳ್ತಾರೆ?"

"ಕೊಳ್ಳೋ ಮನುಷ್ಯ ಆರು ತಿಂಗಳು ಯೋಚಿಸ್ಬೇಕು. ಅಂಥ ವಸ್ತು ಇದು."

"ಯೋಚಿಸೋಕೆ ಬಿಟ್ರೆ ಯಾರೂ ಕೊಳ್ಳಲ್ಲ. ಸಂಬಳ ಕೈಗೆ ಬಂದ ದಿನವೇ ಅಂಗಡಿಗೆ ನುಗ್ಗಬೇಕು."

ಸಿಡುಕಪ್ಪನ ಕಿವಿ ಕೆಂಪಾಯಿತು. ಕೈಯಲ್ಲಿದ್ದ ಅಳತೆಯ ಕ್ಯಾಲಿಪರನ್ನು ಮೇಜಿಗೆ ಅಪ್ಪಳಿಸಿದ. ಸಣ್ಣ ತೋಟಾ ಉರುಳಿ ನೆಲಕ್ಕೆ ಬಿತ್ತು. ಯಾರೂ ಎತ್ತಲು ಹೋಗಲಿಲ್ಲ.

"ನಾನು ಮಾಡಿದ ಬಂದೂಕು ಕಂಡಕಂಡವರ ಮನೆ ಮೂಲೆಯಲ್ಲಿ ಬಿದ್ದಿರೋದು ನನಗೆ ಬೇಡ. ಸೋಪು ಮಾರಿ ಬಂದವರಿಗೆ ಇದು ಅರ್ಥ ಆಗಲ್ಲ."

"ಸೋಪು ಮಾರಿದ್ದು ನಿಜ," ಎಂದಳು ಅವಳು. ಈಗ ಅವಳ ದನಿಯೂ ಬಿಗಿಯಾಗಿತ್ತು. "ಆದ್ರೆ ನಿಮ್ಮ ಹಳೇ ಕಾರ್ಖಾನೆಯಲ್ಲಿ ಅಗ್ಗದ ರೈಫಲ್ ಮಾಡಿ ನಲವತ್ತು ಸಾವಿರ ಮಾರಿಸಿದವರು ನೀವು. ನೀವು ಬಿಟ್ಟ ಮೇಲೆ ಆ ಕಾರ್ಖಾನೆ ಮುಚ್ಚಿತು, ಮಾರುಕಟ್ಟೆಯಲ್ಲಿ ಅದರ ಜಾಗ ಖಾಲಿ ಇದೆ. ಆಗ ಇಲ್ಲದ ಜಂಬ ಈಗ ಎಲ್ಲಿಂದ ಬಂತು?"

ಅಷ್ಟು ಹೆಸರು ಮಾಡಿದ ಜಾಗವನ್ನು ಸಿಡುಕಪ್ಪ ಏಕೆ ಬಿಟ್ಟನೆಂಬುದು ಯಾರಿಗೂ ಗೊತ್ತಿರಲಿಲ್ಲ. ಇಲ್ಲಿ ರೈಫಲ್ ಆಗಲಿದೆ ಎಂಬ ಸುದ್ದಿ ಕೇಳಿ, ಕಡಿಮೆ ಸಂಬಳಕ್ಕೆ, ತಾನೇ ಕೆಲಸ ಕೇಳಿಕೊಂಡು ಬಂದಿದ್ದ.

ಅವನು ಮಾಲೀಕನ ಕಡೆ ತಿರುಗಿದ. "ಬನ್ನಿ. ನೀವೇ ಹಾರಿಸಿ ನೋಡಿ."

ಕಾರ್ಖಾನೆಯ ಹಿಂದಿನ ಗೋಡೆಯ ಬಳಿ ಗುರಿ ಪರೀಕ್ಷೆಯ ಅಂಕಣವಿತ್ತು. ಎರಡೂ ಮಾದರಿಗಳನ್ನು ಸಿಡುಕಪ್ಪ ಸಿದ್ಧಮಾಡಿ ಕೊಟ್ಟ. ಎಂದಿನಂತೆ ತಾನು ಮಾತ್ರ ಒಂದನ್ನೂ ಹೆಗಲಿಗೇರಿಸಲಿಲ್ಲ. ಸಣ್ಣ ತೋಟಾ ಪಟ್ ಎಂದಿತು. ದೂರದ ಉಕ್ಕಿನ ತಟ್ಟೆ ಅಲುಗಲಿಲ್ಲ. ದೊಡ್ಡದು ಗುಡುಗಿತು. ತಟ್ಟೆ ಕೊಂಡಿ ಕಳಚಿ ಹಾರಿಬಿತ್ತು. ಮಾಲೀಕ ಭುಜ ಉಜ್ಜಿಕೊಳ್ಳುತ್ತ ಎದ್ದಾಗ ಅವನ ಮುಖ ಊರಗಲವಾಗಿತ್ತು.

"ಇದು ನೋಡಿ ನಿಮ್ಮ ಅಂತಸ್ತಿಗೆ ತಕ್ಕದ್ದು," ಎಂದ ಸಿಡುಕಪ್ಪ. ಅವನ ಬಾಯಿಂದ ಹೊಗಳಿಕೆ ಬಂದದ್ದು ಅದೇ ಮೊದಲು. "ಸಣ್ಣದೇ ಬೇಕು ಅಂದ್ರೆ ನನ್ನ ನಕ್ಷೆ ವಾಪಸ್ ಕೊಡಿ."

ಮ್ಯಾನೇಜರ್ ಬಾಯಿ ತೆರೆಯುವ ಮೊದಲೇ ಮಾಲೀಕ ತೀರ್ಮಾನ ಹೇಳಿಬಿಟ್ಟ. ದೊಡ್ಡ ತೋಟಾ. ಎಂಟು ತಿಂಗಳ ಸಂಬಳ.

ಆ ವಾರವೇ ಅವಳು ಕೆಲಸ ಬಿಟ್ಟಳು. ಹೋಗುವಾಗ ಸಿಡುಕಪ್ಪನ ಬಾಗಿಲಲ್ಲಿ ನಿಂತು, "ನಿಮ್ಮ ಅಹಂಕಾರ ಈ ಕಾರ್ಖಾನೆಗೆ ಮಣ್ಣು ಹಾಕುತ್ತೆ," ಎಂದಳು. ಅವನು ನಕ್ಷೆಯ ಮೇಲೆ ಇನ್ನೊಂದು ಗೆರೆ ಎಳೆದ.

ಅವಳ ಮಾತು ಸುಳ್ಳಾಗಲಿಲ್ಲ. ಒಂದು ವರ್ಷದಲ್ಲಿ ಮಾರಾಟವಾದದ್ದು ಹನ್ನೊಂದು. ತೋಟಾ ಸಿಗದೆ ಅದರಲ್ಲೂ ಮೂರು ವಾಪಸ್ ಬಂದವು. ರೈಫಲ್ ವಿಭಾಗಕ್ಕೆ ಬೀಗ ಬಿತ್ತು. ಯಂತ್ರಗಳನ್ನು ಬಿಚ್ಚಿ ಮತ್ತೆ ಪಂಪಿಗೆ ಹೊಂದಿಸತೊಡಗಿದರು. ಮಾಲೀಕ ಸಿಡುಕಪ್ಪನನ್ನು ಕರೆಸಿ, ಎಲ್ಲರ ಎದುರಿಗೇ ಬಾಯಿಗೆ ಬಂದಂತೆ ಬೈದ.

"ನಿಮ್ಮನ್ನ ನಂಬಿ ಕೆಟ್ಟೆ. ಇನ್ನು ಯಾವ ಕಾರ್ಖಾನೆಯವರೂ ನಿಮ್ಮನ್ನ ಒಳಗೆ ಬಿಟ್ಟುಕೊಳ್ಳದ ಹಾಗೆ ಮಾಡ್ತೀನಿ. ಈ ದೇಶದಲ್ಲಿ ರೈಫಲ್ ಮಾಡ್ತೀನಿ ಅಂತ ಬಾಯಿ ಬಿಡೋಕೇ ಜನ ಹೆದರಬೇಕು, ಹಾಗೆ ಮಾಡಿಟ್ರಿ."

ಸಿಡುಕಪ್ಪ ಸಿಡುಕಲಿಲ್ಲ. ಕ್ಯಾಲಿಪರನ್ನು ಜೇಬಿಗೆ ಹಾಕಿಕೊಂಡು ಹೊರಟ. ಬಾಗಿಲ ಕಾವಲುಗಾರ ಮರುದಿನವೂ ಅದನ್ನೇ ಹೇಳುತ್ತಿದ್ದ: ಇಷ್ಟು ವರ್ಷದಲ್ಲಿ ಆ ಮನುಷ್ಯ ತನಗೆ ನಮಸ್ಕಾರ ಹೇಳಿದ್ದು ನಿನ್ನೆ ಒಂದೇ ದಿನ.

ಮನೆಯಲ್ಲಿ ತಮ್ಮನ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅವನ ಹೆಜ್ಜೆ ಕೇಳಿ ತುಳಿಯುವುದನ್ನು ನಿಲ್ಲಿಸಿದಳು.

"ಒಟ್ಟು ಎಷ್ಟು ಹೋದ್ವು ಭಾವ?"

"ಹನ್ನೊಂದು. ಮುಚ್ಚಿದ್ರು."

ಮೂರು ವರ್ಷದ ಮೇಲೆ ಮೊದಲ ಸಲ, ಅವಳು ತಾನೇ ಎದ್ದು ಅವನಿಗೆ ಕುರ್ಚಿ ಹಾಕಿದಳು.

ಹಳೆಯ ಕಾರ್ಖಾನೆಯ ಆ ನಲವತ್ತು ಸಾವಿರದಲ್ಲಿ ಒಂದನ್ನು ಅವಳ ಗಂಡ, ಕೆಲಸ ಹೋದ ದಿನ, ಕೈಗೆ ಬಂದ ಕೊನೆಯ ಸಂಬಳದಲ್ಲಿ ಕೊಂಡಿದ್ದ. ಅದರಿಂದ ಅವನು ಹಾರಿಸಿಕೊಂಡದ್ದು ಒಂದೇ ಗುಂಡು.