ಅಡುಗೆಮನೆಯಲ್ಲಿ ನಲವತ್ತೆಂಟು ತಿರುವು

“ಎಡಕ್ಕೆ! ವಾಲು ಬುರ್ಗಿ, ವಾಲು! ಡುರ್ರ್ರ್... ಡುಗುಡುಗುಡುಗು...”

ಒಂದರ ಹಿಂದೊಂದು ಇಟ್ಟ ಎರಡು ಕುರ್ಚಿಗಳ ಮೇಲೆ ಹೆಲ್ಮೆಟ್ ಹಾಕಿಕೊಂಡು ಕೂತು, ಕೊರ್ಬಿನಿಯನ್ ಮತ್ತು ಅವನ ಹೆಂಡತಿ ಬುರ್ಗಿ ಜರ್ಮನಿಯ ಕೆಂಪ್ಟನ್ ಊರಿನ ತಮ್ಮ ಮನೆಯ ಅಡುಗೆಮನೆಯಲ್ಲೇ ಆಲ್ಪ್ಸ್ ಹತ್ತುತ್ತಿದ್ದರು. ಹ್ಯಾಂಡಲ್ಲಿನ ಬದಲು ಲಟ್ಟಣಿಗೆ. ಎಂಜಿನ್ನು, ಗೇರು, ಬ್ರೇಕು ಎಲ್ಲವೂ ಕೊರ್ಬಿನಿಯನ್‌ನ ಬಾಯಲ್ಲೇ.

ಮುಂದಿನ ವಾರ ಬೈಕಿನಲ್ಲಿ ಮೂರು ದಿನ, ಮೂರು ದೇಶ. ನಕ್ಷೆಯಲ್ಲಿ ನೋಟ ಚೆನ್ನಾಗಿರುವ ರಸ್ತೆಗಳಿಗೆ ಹಸಿರು ಅಂಚು ಇರುತ್ತದೆ; ಅವನು ಹಸುವಿನ ಹಾಗೆ ಹಸಿರನ್ನೇ ಹಿಡಿದು ದಾರಿ ಗುರುತು ಮಾಡಿದ್ದ. ತೊಡಕು ಒಂದೇ. ಹೋದ ವರ್ಷ ಒಂದು ತಿರುವಿನಲ್ಲಿ ಅವನು ಎಡಕ್ಕೆ ವಾಲಿದಾಗ ಬುರ್ಗಿ ಕಣ್ಣು ಮುಚ್ಚಿಕೊಂಡು ಬಲಕ್ಕೆ ವಾಲಿ, ಇಬ್ಬರೂ ಹುಲ್ಲುಗಾವಲಿಗೆ ಉರುಳಿ ಹಸುವೊಂದರ ಎದುರು ಹೋಗಿ ಕೂತಿದ್ದರು. ಹಾಗಾಗಿ ಈ ಸಲ ಅವಳದೊಂದು ಪಟ್ಟು. ದಾರಿಯಲ್ಲಿ ಸಿಗುವ ಇಟಲಿಯ ಸ್ಟೆಲ್ವಿಯೊ ಘಾಟಿಯ ನಲವತ್ತೆಂಟು ತಿರುವುಗಳನ್ನು ಮೊದಲು ಇಲ್ಲಿ, ಕಣ್ಣು ಮುಚ್ಚದೆ ದಾಟಿದರೆ ಬರುತ್ತಾಳೆ. ಇಲ್ಲದಿದ್ದರೆ ರೈಲು ಹತ್ತಿ ಅಕ್ಕನ ಮನೆಗೆ. ಅವಳಿಲ್ಲದೆ ಹೊರಡಲು ಅವನಿಗೆ ಮನಸ್ಸೇ ಇಲ್ಲ. ನೋಟ ಎಷ್ಟೇ ಚೆನ್ನಾಗಿರಲಿ, “ಅಲ್ನೋಡು” ಅನ್ನುವುದಕ್ಕೆ ಹಿಂದೆ ಒಬ್ಬರು ಬೇಡವೇ?

“ಹದಿನೇಳು! ಬಲಕ್ಕೆ! ಕಣ್ಣು ಬಿಟ್ಟಿದ್ದೀಯಾ?”

“ಬಿಟ್ಟಿದ್ದೀನಿ.”

“ಸುಳ್ಳು. ನಿನ್ನ ಹೆಲ್ಮೆಟ್ಟು ನನ್ನ ಬೆನ್ನಿಗೆ ಒತ್ತುತ್ತಾ ಇದೆ.”

“ನೀನ್ಯಾಕೆ ಅಷ್ಟು ಜೋರಾಗಿ ಹೋಗ್ತೀಯಾ ಮತ್ತೆ?”

“ಇದು ಕುರ್ಚಿ ಕಣೇ!”

ಅಷ್ಟರಲ್ಲಿ ಬಾಗಿಲ ಗಂಟೆ ಬಡಿದುಕೊಂಡಿತು. ಕೆಳಮನೆಯ ಅಜ್ಜಿ, ಫ್ರೌ ಎಬರ್ಲೆ! ವಯಸ್ಸು ಎಪ್ಪತ್ತೊಂಬತ್ತು, ಆ ಕಟ್ಟಡದಲ್ಲಿ ಭಾನುವಾರ ಸದ್ದು ಮಾಡಬಾರದೆಂಬ ನಿಯಮಕ್ಕೆ ಅವರದೇ ಕಾವಲು.

“ಭಾನುವಾರ. ಮಧ್ಯಾಹ್ನ ಒಂದೂಕಾಲು. ಮನೆಯೊಳಗೆ ಬೈಕು!”

“ಬೈಕು ಗ್ಯಾರೇಜಲ್ಲಿದೆ ಫ್ರೌ ಎಬರ್ಲೆ. ಇದು ನನ್ನ ಬಾಯಿ.”

“ಹಾಗಾದ್ರೆ ಅದಕ್ಕೊಂದು ಸೈಲೆನ್ಸರ್ ಹಾಕಿಸ್ಕೊಳಪ್ಪ.” ಅವರು ಅವನನ್ನು ಸರಿಸಿ ಒಳಗೆ ಬಂದು ಕುರ್ಚಿಗಳನ್ನು ನೋಡಿದರು. “ಎಲ್ಲೀವರೆಗೆ ಬಂದ್ರಿ?”

“ಸ್ಟೆಲ್ವಿಯೊ. ಹದಿನೇಳನೇ ತಿರುವು,” ಹೆಲ್ಮೆಟ್ಟಿನೊಳಗಿಂದ ಬುರ್ಗಿಯ ಅಳುದನಿ ಬಂತು. “ನಂಗೆ ಬರೀ ಪ್ರಪಾತ ಕಾಣ್ತಿದೆ.”

“ಕಾಣದೆ ಏನು? ಓಡಿಸೋನೇ ಪ್ರಪಾತ ನೋಡ್ತಿದ್ರೆ ಹಿಂದೆ ಕೂತೋರಿಗೂ ಅದೇ ಕಾಣೋದು. ತಿರುವು ಎಲ್ಲಿ ಮುಗಿಯುತ್ತೋ ಅಲ್ಲಿ ನೋಡ್ಬೇಕು. ಅರವತ್ತೇಳನೇ ಇಸವೀಲಿ ಬೆನ್ನಿಗೆ ಡೇರೆ ಕಟ್ಕೊಂಡು ಬೈಕಲ್ಲೇ ಆ ಘಾಟಿ ಹತ್ತಿದೋಳು ನಾನು. ತಾರಪ್ಪ ಇಲ್ಲಿ ನಿನ್ನ ಹೆಲ್ಮೆಟ್ಟು!”

ಫ್ರೌ ಎಬರ್ಲೆ ಲಂಗ ಎತ್ತಿ ಸಿಕ್ಕಿಸಿ ಮುಂದಿನ ಕುರ್ಚಿಯ ಎರಡೂ ಬದಿಗೆ ಕಾಲು ಹಾಕಿ ಕೂತರು. ಲಟ್ಟಣಿಗೆ ಹಿಡಿದರು. “ರ್ರೀಂ... ಣ್‌ಣ್‌ಣ್‌ಣ್... ರ್ರೀಂ!” ಹಳೆಯ ಟೂ-ಸ್ಟ್ರೋಕ್ ಎಂಜಿನ್ನು, ತದ್ರೂಪು. ಕೊರ್ಬಿನಿಯನ್‌ನ ಮೂಗಿಗೆ ಹೊಗೆ ಕೂಡ ಬಡಿದಂತಾಯಿತು.

ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಅವನು ಫ್ರಿಜ್ಜಿಗೆ ಒರಗಿ ನಿಂತಲ್ಲೇ ಎಡಕ್ಕೆ ಬಲಕ್ಕೆ ವಾಲಿದ. ಮೂವತ್ತರ ಹೊತ್ತಿಗೆ ಬುರ್ಗಿಯ ಹೆಲ್ಮೆಟ್ಟು ಮುದುಕಿಯ ಬೆನ್ನು ಬಿಟ್ಟಿತು. ನಲವತ್ತೊಂದರಲ್ಲಿ ಅವಳು ಒಲೆಯ ಕಡೆ ಕೈ ಚಾಚಿ, “ಅಯ್ಯೋ, ಅಲ್ನೋಡಿ, ಹಿಮ!” ಎಂದು ಕೂಗಿದಳು. ಕೊರ್ಬಿನಿಯನ್ ತಿರುಗಿ ನೋಡಿಯೂ ಬಿಟ್ಟ.

ನಲವತ್ತೆಂಟು. ಗಾಡಿ ನಿಂತಿತು. ಎಲ್ಲರಿಗೂ ಏದುಸಿರು.

“ಬುರ್ಗಿ,” ಅವನು ಮೆಲ್ಲಗೆ ಕೇಳಿದ, “ಹಾಗಾದ್ರೆ ಬರ್ತೀಯಾ?”

“ಬರ್ತೀನಿ!” ಅಂದಳು, ಮುದುಕಿಯ ಸೊಂಟ ಬಿಡದೆ.

ಕೊರ್ಬಿನಿಯನ್‌ನ ಮುಖ ಅರಳಿತು. ಫ್ರೌ ಎಬರ್ಲೆ ಅವನ ಕಡೆ ತಿರುಗಲೂ ಇಲ್ಲ.

“ಘಾಟಿ ತುದಿಗೆ ಬಸ್ಸಿದೆಯಪ್ಪ, ನೀನು ಅದರಲ್ಲಿ ಬಾ. ಬರೋವಾಗ ನನ್ನ ಮಂಡಿನೋವಿನ ಮುಲಾಮು ಮರೀಬೇಡ.”