ಹೊನ್ನಾಳಿ ಬಸ್ಸು

ಪಕ್ಕದ ಮನೆಯ ಫಿಲೋಮಿನಾ ಬಟ್ಟೆ ಚೂರುಗಳ ಮೇಲೆ ಮಂಡಿಯೂರಿ ಚೈತ್ರಾಳ ಪಾದ ಹಿಡಿದುಕೊಂಡಾಗ ಹೊಲಿಗೆ ಮಿಷನ್ ನಿಂತಿತು. ಸೂಜಿ ರವಿಕೆಯ ತೋಳಿನಲ್ಲೇ ಉಳಿಯಿತು.

"ಹೊನ್ನಾಳಿ ಗಂಡಿನ ಕಡೆಯೋರು ವಿಚಾರಿಸಾಕೆ ಬಂದಾಗ, ನಿನಗೆ ಮೂರ್ಛೆರೋಗ ಐತೆ ಅಂದೋಳು ನಾನೇ ಕಣವ್ವ. ಸುಳ್ಳು ಹೇಳಿದೆ. ನನ್ನ ಮಗಳನ್ನ ಯಾರೂ ನೋಡಾಕೆ ಬರ್ತಿಲ್ಲ ಅಂತ ಹೊಟ್ಟೆಕಿಚ್ಚು."

ಚೈತ್ರಾ ರವಿಕೆಯಿಂದ ಕೈ ತೆಗೆದಳು. "ಆ ಸಂಬಂಧ ಮುರಿದು ಮೂರು ವರ್ಷ ಆದ್ಮೇಲೆ ಈಗ್ಯಾಕೆ ನೆನಪಾತು ಆಂಟಿ?"

"ನಾಡಿದ್ದು ಈಸ್ಟರ್. ಪಾಪನಿವೇದನೆ ಮಾಡ್ದೆ. ಕೆಡಿಸಿದ ಹೆಸರು ಸರಿಮಾಡು ಅಂದ್ರು ಫಾದರ್. ನೀನು ಕ್ಷಮಿಸಿದ್ರೆ ಹಬ್ಬದ ಪೂಜೇಲಿ ನೆಮ್ಮದಿಯಿಂದ ಪರಮಪ್ರಸಾದ ತಗಳ್ತೀನಿ."

"ಹೆಸರು ಕೆಟ್ಟಿದ್ದು ಈ ಮನೇಲಲ್ಲ, ಹೊನ್ನಾಳಿಯಾಗೆ. ಹತ್ತೂವರೆಗೆ ಬಸ್ಸೈತೆ. ನಡೀರಿ, ಅವರ ಮುಂದೆ ಹೇಳ್ರಿ."

ಫಾದರ್ ಕೂಡ ಅದನ್ನೇ ಹೇಳಿದ್ದರು. ಆ ಮನೆಯ ಪಡಸಾಲೆಯಲ್ಲಿ ಎಲ್ಲರೆದುರು ಸುಳ್ಳುಗಾತಿಯಾಗಿ ನಿಲ್ಲುವುದನ್ನು ನೆನೆದು ಫಿಲೋಮಿನಾ ಪಾದವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಅಲ್ಲಿ ಬ್ಯಾಡ ಕಣೆ. ಇಲ್ಲೇ ನಿನ್ನ ಕಾಲಾಗೆ ಎಷ್ಟೊತ್ತಾದ್ರೂ ಬಿದ್ದಿರ್ತೀನಿ."

ಚೈತ್ರಾ ಬಗ್ಗಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಪಾದವನ್ನು ಮತ್ತೆ ಪೆಡಲಿನ ಮೇಲಿಟ್ಟಳು.

"ಹಂಗಾದ್ರೆ ನಾನು ಕ್ಷಮಿಸಲ್ಲ."